ಮಾವನವರು ಪೆರೇಡು ನೋಡಿದ್ದು

ನಮ್ಮ ಮಾವನವರು ಪೊಲೀಸ್ ಇಲಾಖೆಗೆ ಕಾನ್‌ಸ್ಟೇಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಈ ಎರಡರ ನಡುವೆ ಅವರು ಹಿಡಿದ ಕಳ್ಳರ ಕಥೆಯನ್ನು ಅವರೇ ಹೇಳುತ್ತಾರೆ. ಬಿಟ್ಟ ಕಳ್ಳರ ಕಥೆಯನ್ನು ಅತ್ತೆಯವರು ಹೇಳುತ್ತಾರೆ. ನಾನು ಈಗ ಹೇಳಹೊರಟಿರುವುದು ಎರಡೂ ಅಲ್ಲ. ಅವರ ಬೆನ್ನಿನ ವಿಷಯ.

ನಮ್ಮ ನಗರದ ಪೊಲೀಸ್ ಪಡೆ ಪ್ರತಿ ವರ್ಷ ತನ್ನ ಹುಟ್ಟಿದ ದಿನವನ್ನು ಮೈದಾನದಲ್ಲಿ ದೊಡ್ಡ ಪೆರೇಡು ಮಾಡಿ ಆಚರಿಸುತ್ತದೆ. ಬ್ಯಾಂಡು, ಕುದುರೆ, ಕಳ್ಳರನ್ನು ಮೂಸಿ ಹಿಡಿಯುವ ನಾಯಿ, ಮೋಟಾರ್ ಸೈಕಲ್ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುವವರು, ಎಲ್ಲವೂ ಉಂಟು. ಊರಿಗೆ ಊರೇ ಹೋಗಿ ನೋಡುತ್ತದೆ. ಇಷ್ಟು ವರ್ಷ ಅಲ್ಲೇ ಇದ್ದೂ ನೋಡದವರೆಂದರೆ ನಮ್ಮ ಮಾವನವರು. ಅವರಿಗೆ ಯಾವಾಗಲೂ ಗೇಟಿನ ಬಂದೋಬಸ್ತು. ಬಂದೋಬಸ್ತಿಗೆ ನಿಂತ ಪೊಲೀಸಿನವನು ಜನರ ಕಡೆ ಮುಖ ಮಾಡಬೇಕೇ ಹೊರತು ತಮಾಷೆಯ ಕಡೆ ಅಲ್ಲ. ಹೀಗಾಗಿ ಅವರು ಇಡೀ ಸರ್ವೀಸು ಪೆರೇಡಿಗೆ ಬೆನ್ನು ಹಾಕಿಯೇ ನಿಂತರು. ಒಂದೇ ಒಂದು ಸಲ ತಡೆಯಲಾರದೆ ಕತ್ತು ಹೊರಳಿಸಿದ್ದಕ್ಕೆ ಇನ್ಸ್‌ಪೆಕ್ಟರು, "ಏನ್ರೀ, ಜೇಬುಗಳ್ಳ ಒಳಗೆ ಮಾರ್ಚ್ ಮಾಡ್ತಿದಾನಾ?" ಎಂದು ಎಲ್ಲರೆದುರು ಕೇಳಿದ್ದರಂತೆ. ಆಮೇಲೆ ಕತ್ತು ಹೊರಳಲಿಲ್ಲ.

"ಆದ್ರೂ ನಂಗೆ ಎಲ್ಲ ಗೊತ್ತಾಗ್ತಿತ್ತು ಮೇಷ್ಟ್ರೇ," ಎಂದು ನನಗೆ ಹೇಳುತ್ತಾರೆ. ನಾನು ಅವರ ದೊಡ್ಡ ಅಳಿಯ, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. "ಜನರ ಮುಖ ನೋಡ್ತಾ ಇದ್ರೆ ಸಾಕು. ಬಾಯಿ ತೆಗೆದ್ರೆ ಕುದುರೆ ಬಂತು ಅಂತ. ನಕ್ರೆ ನಾಯಿ. ಆಕಳಿಸಿದ್ರೆ ಮುಖ್ಯ ಅತಿಥಿಗಳ ಭಾಷಣ."

ನಿವೃತ್ತರಾದ ಮೇಲಾದರೂ ನೋಡಬಹುದು ಎಂದು ಅವರ ಆಸೆ. ಆದರೆ ಇಲಾಖೆಯಲ್ಲಿ ನಿವೃತ್ತರಿಗೂ ಮೆಟ್ಟಿಲುಗಳಿವೆ. ಇನ್ಸ್‌ಪೆಕ್ಟರ್ ಆಗಿ ಮನೆಗೆ ಹೋದವರಿಗೆ ಆಹ್ವಾನ ಬರುತ್ತದೆ, ಅದಕ್ಕಿಂತ ಕೆಳಗಿನವರಿಗೆ ಬರುವುದಿಲ್ಲ. ಹೊರಗೆ ಹಗ್ಗದಾಚೆ ನಿಂತು ನೋಡಬಹುದಲ್ಲ ಎಂದರೆ ಮಾವನವರಿಗೆ ಕೆಂಡಾಮಂಡಲ ಕೋಪ. ಯಾವ ಹಗ್ಗವನ್ನು ತಾವು ಕಾದರೋ ಅದರಾಚೆ ನಿಲ್ಲುವುದೆ? ನೋಡಿದರೆ ಒಳಗೆ ಕುರ್ಚಿಯಲ್ಲಿ ಕೂತು ನೋಡುವುದು, ಇಲ್ಲದಿದ್ದರೆ ಇಲ್ಲ. ಪ್ರತಿ ವರ್ಷ ಆ ದಿನ ಹತ್ತಿರ ಬಂದಾಗ ಅವರು ಬಾಗಿಲ ಬಳಿ ಸುಮ್ಮನೆ ಓಡಾಡುತ್ತಿದ್ದರು. ಅಂಚೆಯವನು ಬಂದು ಹೋದ ಮೇಲೆ ಒಳಗೆ ಬಂದು ರೇಡಿಯೋ ಜೋರು ಮಾಡುತ್ತಿದ್ದರು. ಅತ್ತೆಯವರು ಆಗ ಅವರನ್ನು ಮಾತಾಡಿಸುತ್ತಿರಲಿಲ್ಲ.

ಇಂಥ ಮನೆಗೆ ಎರಡನೇ ಅಳಿಯನಾಗಿ ಬಂದವನು ನನ್ನ ಷಡ್ಡಕ. ಅವನ ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಮಾತ್ರ ಗೊತ್ತು. ನಮಗೆಲ್ಲ ಅವನು 'ಆಗ್ಲಿಬಿಡಿ'. ಏನು ಕೇಳಿದರೂ "ಅದೇನು ಮಹಾ, ಆಗ್ಲಿ ಬಿಡಿ" ಎನ್ನುವುದು ಅವನ ರೋಗ. ನಲ್ಲಿ ರಿಪೇರಿ? ಆಗ್ಲಿ ಬಿಡಿ. ಮಗುವಿಗೆ ಶಾಲೆಯಲ್ಲಿ ಸೀಟು? ಆಗ್ಲಿ ಬಿಡಿ. ಆಗುತ್ತದೆಯೇ ಎಂದು ಮಾತ್ರ ಯಾರೂ ಕೇಳಬಾರದು. ಅವನು ಪೊಲೀಸ್ ಇಲಾಖೆಯ ಉಡುಪಿನ ಉಗ್ರಾಣದಲ್ಲಿ ಗುಮಾಸ್ತ. ಬೂಟು, ಬೆಲ್ಟು, ಟೋಪಿ ಕೊಡುವುದು, ಹರಿದದ್ದನ್ನು ವಾಪಸು ತೆಗೆದುಕೊಳ್ಳುವುದು. ಆದರೆ ಹೊರಗೆ ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು, "ಡಿಪಾರ್ಟ್‌ಮೆಂಟ್‌ನಲ್ಲಿ ಇದೀನಿ" ಎನ್ನುತ್ತಿದ್ದ. ಆ ಗಂಟಲಿನಲ್ಲಿ ಒಂದು ಪಿಸ್ತೂಲು ಇರುತ್ತಿತ್ತು.

ಈ ವರ್ಷ ಒಂದು ಭಾನುವಾರ ನಾವೆಲ್ಲ ಮಾವನವರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಅತ್ತೆಯವರು ಬಡಿಸುತ್ತಾ, "ಪಾಪ, ಈ ಸಲಾನೂ ಇವರಿಗೆ ಏನೂ ಬಂದಿಲ್ಲ ನೋಡು," ಎಂದು ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು. ಮೆಲ್ಲಗೆ ಎಂದರೆ ಬೀದಿಗೆ ಕೇಳಿಸುವಷ್ಟು ಮೆಲ್ಲಗೆ. ಮಾವನವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದೇನು ಮಹಾ ಅತ್ತೆ," ಎಂದ ಆಗ್ಲಿಬಿಡಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ. "ಮುಂದಿನ ಸಾಲಲ್ಲೇ ಕೂರಿಸೋಣ. ನಾನು ಮಾತಾಡ್ತೀನಿ."

ಮಾವನವರ ಕೈ ತಟ್ಟೆಯ ಮೇಲೇ ನಿಂತಿತು. "ಮುಂದಿನ ಸಾಲು ಅಂದ್ರೆ ಸಾಹೇಬರದು ಅಳಿಯಂದ್ರೇ."

"ಹೌದು ಮಾವ. ಅಲ್ಲೇ."

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಅವನು ನನ್ನ ಕಡೆ ತಿರುಗಿ, "ಷಡ್ಡಕರಿಗೂ ಒಂದು ಕುರ್ಚಿ ಹೇಳ್ತೀನಿ," ಎಂದ.

ಅಲ್ಲಿಂದ ಮಾವನವರನ್ನು ಹಿಡಿಯುವವರಿಲ್ಲ. ಮಾರನೆಯ ದಿನವೇ ಅವರ ಕಪ್ಪು ಕೋಟು ಇಸ್ತ್ರಿ ಅಂಗಡಿಗೆ ಹೋಯಿತು. ಇಸ್ತ್ರಿಯವನು, "ಯಾರದು ಮದುವೆ ಸಾರ್?" ಎಂದು ಕೇಳಿದ್ದೇ ತಪ್ಪಾಯಿತು. ಅವನಿಗೆ ನಮ್ಮ ಪಡೆ ಹೇಗೆ ಹುಟ್ಟಿತು, ಮೊದಲು ಬರೀ ಕಾವಲಿನವರು ಹೇಗಿದ್ದರು, ಆಮೇಲೆ ಠಾಣೆಗಳು ಹೇಗೆ ಬಂದವು ಎಂದು ಎಲ್ಲವನ್ನೂ ನಿಂತೇ ಹೇಳಿದರು. "ಮೇಲೆ ಕಮಿಷನರು. ಅವರ ಕೆಳಗೆ ಡೆಪ್ಯುಟಿ, ಅವರ ಕೆಳಗೆ ಅಸಿಸ್ಟೆಂಟು, ಆಮೇಲೆ ಇನ್ಸ್‌ಪೆಕ್ಟರು, ಸಬ್ ಇನ್ಸ್‌ಪೆಕ್ಟರು. ಏಣಿ ಇದ್ದ ಹಾಗೆ. ಕೆಳಗಿನವನು ಮೇಲಿನವನಿಗೆ ಸಲ್ಯೂಟ್ ಹೊಡೀತಾ ಹೋಗಬೇಕು. ತಿಳೀತಾ?"

"ತಿಳೀತು ಸಾರ್. ಎಲ್ಲರಿಗಿಂತ ಕೆಳಗಿನವನಿಗೆ ಯಾರು ಹೊಡೀತಾರೆ?"

"ಅವನಿಗ್ಯಾಕಯ್ಯ?" ಎಂದರು ಮಾವನವರು. ಇಸ್ತ್ರಿಯವನು ಕೋಟಿನ ಕಾಲರನ್ನು ಸ್ವಲ್ಪ ಸುಟ್ಟೇ ಕೊಟ್ಟ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮೂಲೆ ಅಂಗಡಿಯಾಕೆ, "ಟೀವಿಯಲ್ಲಿ ತೋರಿಸ್ತಾರಲ್ಲ, ಕೈ ಆಡಿಸಿ ಅಣ್ಣ, ನಾವು ನೋಡ್ತೀವಿ," ಎಂದಳು. ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಮಾತ್ರ ಮೂಗು ಮುರಿದರು. ಅವರಿಗೂ ಮಾವನವರಿಗೂ ಯಾವುದೋ ಪಾರ್ಸೆಲ್ಲಿನ ಕಾಲದಿಂದ ಆಗಿಬರುವುದಿಲ್ಲ.

"ಪಾಸು ಬಂತೋ?" ಎಂದರು ಪೋಸ್ಟ್ ಮಾಸ್ಟರು.

"ನಮ್ಮ ಅಳಿಯಂದಿರೇ ಇರುವಾಗ ಪಾಸು ಯಾಕೆ?"

"ಯಾವ ಅಳಿಯ? ಚಡ್ಡಿ ಎಣಿಸ್ತಾರಲ್ಲ, ಅವರಾ?"

ಮಾವನವರು ಬಾಗಿಲು ಹಾಕಿಕೊಂಡರು. ಹಾಕಿದ ಸದ್ದಿಗೆ ಪೋಸ್ಟ್ ಮಾಸ್ಟರರ ಮನೆಯ ಬೆಕ್ಕು ಕಿಟಕಿಯಿಂದ ಇಳಿದು ಹೋಯಿತಂತೆ. ಇನ್ನು ಕುರ್ಚಿ ಸಿಗದಿದ್ದರೆ ಮಾವನವರು ಆ ಬೀದಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಪೆರೇಡಿನ ಹಿಂದಿನ ಸಂಜೆ ಆಗ್ಲಿಬಿಡಿ ನಮ್ಮ ಮನೆಗೆ ಬಂದ. ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಕೈಯಲ್ಲಿ ಒಂದು ದೊಡ್ಡ ಗಂಟು.

"ಪಾಸು ಸಿಕ್ಕಿತಾ?" ಎಂದಳು ನನ್ನ ಹೆಂಡತಿ.

"ಅದೇ ಅತ್ತಿಗೆ... ಉಗ್ರಾಣದ ಸೂಪರಿಂಟೆಂಡೆಂಟರನ್ನ ಕೇಳ್ದೆ. 'ನಂಗೇ ಸಿಕ್ಕಿಲ್ಲ ಕಣಯ್ಯಾ, ನಿನ್ನ ಮಾವನಿಗೆ ಎಲ್ಲಿಂದ ತರಲಿ' ಅಂದ್ರು."

"ಸಿಕ್ಕಿಲ್ಲ ಅಂತ ಅಪ್ಪಂಗೆ ಹೇಳಿದ್ರಾ?"

"ಹೇಳೋಣ ಅಂತ ಹೋದೆ. ಬೂಟಿಗೆ ಪಾಲಿಶ್ ಹಾಕ್ತಾ ಹಾಡು ಹೇಳ್ತಿದ್ರು. ವಾಪಸ್ ಬಂದೆ."

ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಮಾವನವರು ಹಾಡು ಹೇಳಿದ್ದನ್ನು ಅವಳು ತನ್ನ ಜನ್ಮದಲ್ಲಿ ಕೇಳಿರಲಿಲ್ಲ.

"ಆ ಗಂಟು ಏನು?" ಎಂದೆ ನಾನು.

ಅದರ ಕಥೆ ಹೀಗಿತ್ತು. ಈ ವರ್ಷ ಪೆರೇಡಿನ ಮುಂದೆ 'ಪಡೆ ಬೆಳೆದು ಬಂದ ದಾರಿ' ಎಂದು ಒಂದು ಮೆರವಣಿಗೆ. ಮೊಟ್ಟಮೊದಲ ಕಾಲದಿಂದ ಇಲ್ಲಿಯವರೆಗಿನ ಪೊಲೀಸರ ಉಡುಪು ಹಾಕಿಕೊಂಡು ಒಬ್ಬೊಬ್ಬರು ನಡೆಯಬೇಕು. ಉಡುಪುಗಳೇನೋ ವಸ್ತುಸಂಗ್ರಹಾಲಯದಿಂದ ಬಂದವು. ಆದರೆ ಎಲ್ಲಕ್ಕಿಂತ ಹಳೆಯದು ಇಲಾಖೆಯಲ್ಲಿ ಯಾರ ಮೈಗೂ ಹಿಡಿಸಲಿಲ್ಲ. ಹಿಂದಿನವರು ಕಡ್ಡಿಯ ಹಾಗಿದ್ದರು, ಇಂದಿನವರು ಹಾಗಿಲ್ಲ. ಒಬ್ಬ ಕಾನ್‌ಸ್ಟೇಬಲ್ಲಿಗೆ ಹಾಕಿ ನೋಡಿದಾಗ ಗುಂಡಿ ಸಿಡಿದು ಗೋಡೆಗೆ ಬಡಿಯಿತಂತೆ. ಕೊನೆಗೆ ಸೂಪರಿಂಟೆಂಡೆಂಟರ ಕಣ್ಣು ನಮ್ಮ ಷಡ್ಡಕನ ಬಡಕಲು ಮೈಮೇಲೆ ಬಿತ್ತು. "ನೀನೇ ಹಾಕ್ಕೊಳಯ್ಯಾ" ಎಂದರು. ಇವನು ಏನಂದನೆಂದು ಬೇರೆ ಹೇಳಬೇಕಾಗಿಲ್ಲ.

"ಒಂದು ಐಡಿಯಾ ಇದೆ ಷಡ್ಡಕ್ರೇ. ನಾನು ಡ್ರೆಸ್ಸಲ್ಲೇ ಹೋಗ್ತೀನಿ. ನೀವೂ ಮಾವನೂ ನನ್ನ ಜೊತೆ ಬನ್ನಿ. ಡ್ರೆಸ್ಸು ಸರಿ ಮಾಡೋಕೆ ಬಂದಿದಾರೆ ಅಂತ ಹೇಳಿ ಹಿಂದಿನ ಗೇಟಲ್ಲಿ ನುಗ್ಗಿಸ್ತೀನಿ. ಒಳಗೆ ಹೋದ್ಮೇಲೆ ಎಲ್ಲಾದ್ರೂ ಒಂದು ಕುರ್ಚಿ ಖಾಲಿ ಇರಲ್ವಾ?"

ಹೋಗುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ನನ್ನ ಹೆಂಡತಿ ನನ್ನನ್ನು ಒಂದು ಸಲ ನೋಡಿದಳು. ಬೆಳಿಗ್ಗೆ ನಾನು ಹೋದೆ.

ಆಗ್ಲಿಬಿಡಿ ಮಾವನವರ ಮನೆ ಮುಂದೆ ಆಟೋದಿಂದ ಇಳಿದಾಗ ಬೀದಿಯೇ ಸ್ತಬ್ಧವಾಯಿತು. ಮಂಡಿಯವರೆಗೆ ಇಳಿಬಿದ್ದ ಗಾಢ ನೀಲಿ ಕೋಟು. ಎದೆಯ ಮೇಲೆ ತಟ್ಟೆಯಷ್ಟು ದೊಡ್ಡ ಹಿತ್ತಾಳೆಯ ಬಿಲ್ಲೆ. ಹೆಗಲಿನಿಂದ ಹೆಗಲಿಗೆ ಸರಪಳಿ, ಸೊಂಟಕ್ಕೆ ಕೆಂಪು ಪಟ್ಟಿ, ಗೊಂಡೆಗಳು, ತಲೆಯ ಮೇಲೆ ಗರಿ ಸಿಕ್ಕಿಸಿದ ಎತ್ತರದ ಟೋಪಿ. ಕೈಯಲ್ಲಿ ಒಂದು ಲಾಟೀನು. ಪೋಸ್ಟ್ ಮಾಸ್ಟರು ಪತ್ರಿಕೆ ಓದುತ್ತಿದ್ದವರು ಎದ್ದು ನಿಂತರು. ಆಮೇಲೆ ತಾವು ಎದ್ದು ನಿಂತದ್ದು ಗೊತ್ತಾಗಿ ಒಳಗೆ ಹೋದರು.

ಮಾವನವರು ಕಣ್ಣು ಕಿರಿದು ಮಾಡಿ ನೋಡಿದರು. "ಇದೇನು ಅಳಿಯಂದ್ರೇ ವೇಷ?"

"ಇವತ್ತಿಗೆ ಕೊಟ್ಟಿದಾರೆ ಮಾವ. ಬನ್ನಿ, ಹೊತ್ತಾಯ್ತು."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ನೀವು, ನಾನು ಎದುರಿಗೆ ಬಂದವರ ಮುಖ ನೋಡುತ್ತೇವೆ. ಪೊಲೀಸರು ನೋಡುವುದಿಲ್ಲ. ಅವರು ಮೊದಲು ಹೆಗಲು ನೋಡುತ್ತಾರೆ. ತೋಳಿನ ಮೇಲೆ ಪಟ್ಟಿ ಇದ್ದರೆ ಒಂದು ಮಾತು, ಹೆಗಲ ಮೇಲೆ ನಕ್ಷತ್ರ ಇದ್ದರೆ ಇನ್ನೊಂದು ಮಾತು, ಅದಕ್ಕೂ ಮೇಲಿನದು ಇದ್ದರೆ ಮಾತೇ ಇಲ್ಲ, ಸಲ್ಯೂಟ್ ಮಾತ್ರ. ಹೊಡೆಯಬಾರದವನಿಗೆ ಸಲ್ಯೂಟ್ ಹೊಡೆದರೆ ನಷ್ಟವೇನೂ ಇಲ್ಲ. ಹೊಡೆಯಬೇಕಾದವನಿಗೆ ಹೊಡೆಯದೆ ಹೋದರೆ ಮಾತ್ರ ಕೆಟ್ಟಿತು. ಇಷ್ಟು ಗೊತ್ತಿದ್ದರೆ ಮುಂದೆ ನಡೆದದ್ದು ನಿಮಗೆ ಆಶ್ಚರ್ಯ ಅನ್ನಿಸುವುದಿಲ್ಲ.

ಹಿಂದಿನ ಗೇಟಿನಲ್ಲಿ ಒಬ್ಬ ಹೊಸ ಕಾನ್‌ಸ್ಟೇಬಲ್ ಇದ್ದ. ಆಗ್ಲಿಬಿಡಿಯ ಹೆಗಲಿನ ಮೇಲೆ ಅವನ ಕಣ್ಣು ಓಡಿತು. ಅಲ್ಲಿ ಅವನಿಗೆ ಕಲಿಸಿದ್ದು ಯಾವುದೂ ಇರಲಿಲ್ಲ. ಕಲಿಸದೆ ಇದ್ದದ್ದು ಬೇಕಾದಷ್ಟಿತ್ತು. ಹುಡುಗ ಬೆವರಿದ. ಬೆವರಿ, ಬೂಟು ಬಡಿದು ಸಲ್ಯೂಟ್ ಹೊಡೆದ.

ಆಗ್ಲಿಬಿಡಿ ಡ್ರೆಸ್ಸು ಸರಿ ಮಾಡುವವರ ಕಥೆ ಹೇಳಲು ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೆಯೇ ಉಳಿಯಿತು.

ಒಳಗಿದ್ದ ಹೆಡ್ ಕಾನ್‌ಸ್ಟೇಬಲ್ಲು, "ಯಾರೋ ಅದು?" ಎನ್ನುತ್ತಾ ಬಂದ. ಕಾನ್‌ಸ್ಟೇಬಲ್ಲು ಸಲ್ಯೂಟಿನಲ್ಲಿ ನಿಂತಿದ್ದನ್ನು ನೋಡಿ ತಾನೂ ಹೊಡೆದ. ಆ ಹೆಡ್ ಕಾನ್‌ಸ್ಟೇಬಲ್ಲು ಹೊಡೆದದ್ದನ್ನು ನೋಡಿ, ಮರದ ನೆರಳಲ್ಲಿ ಟೀ ಕುಡಿಯುತ್ತಿದ್ದ ಸಬ್ ಇನ್ಸ್‌ಪೆಕ್ಟರು ಲೋಟವನ್ನು ಜೀಪಿನ ಬಾನೆಟ್ ಮೇಲೆ ಇಟ್ಟು ಓಡಿ ಬಂದರು.

"ಸಾರ್, ಗಾಡಿ ಎಲ್ಲಿ ಸಾರ್?"

"ಆಟೋದಲ್ಲಿ ಬಂದೆ," ಎಂದ ನಮ್ಮವನು.

ಸಬ್ ಇನ್ಸ್‌ಪೆಕ್ಟರ ಮುಖ ಬಿಳಿಚಿತು. ಇಂಥ ದೊಡ್ಡವರು ಆಟೋದಲ್ಲಿ, ಅದೂ ಹಿಂದಿನ ಗೇಟಿಗೆ ಬರಬೇಕಾದರೆ ಏನೋ ಗುಟ್ಟಿನ ತಪಾಸಣೆಯೇ ಇರಬೇಕು. ಅವರು ನನ್ನ ಕಡೆ ವಾಲಿ, "ಸಾಹೇಬರು ಯಾವ ವಿಭಾಗ?" ಎಂದು ಪಿಸುಗುಟ್ಟಿದರು.

"ಉಡುಪು," ಎಂದೆ. ನಾನು ಸುಳ್ಳು ಹೇಳುವವನಲ್ಲ.

"ಓಹೋ," ಎಂದರು ಅವರು, ತಮ್ಮ ಬೆಲ್ಟನ್ನು ಸರಿಮಾಡಿಕೊಳ್ಳುತ್ತಾ. ತಕ್ಷಣ ವೈರ್‌ಲೆಸ್ ತೆಗೆದು ಎಲ್ಲರೂ ಗುಂಡಿ ಹಾಕಿಕೊಳ್ಳಬೇಕೆಂದು ಹೇಳಿದರು. ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಟೋಪಿಗಳು ನೆಟ್ಟಗಾದವು.

ಮಾವನವರು ಇದನ್ನೆಲ್ಲ ಬೆಕ್ಕಸಬೆರಗಾಗಿ ನೋಡುತ್ತಿದ್ದರು. ನನ್ನ ತೋಳು ಹಿಡಿದು, "ಮೇಷ್ಟ್ರೇ, ಇವರು ಉಗ್ರಾಣದಲ್ಲಿ ಗುಮಾಸ್ತರಲ್ವಾ?" ಎಂದರು.

"ಹೌದು ಮಾವ. ಅದೇ ಗುಮಾಸ್ತ."

"ಮತ್ತೆ ಇಲಾಖೆ ಸಲ್ಯೂಟ್ ಹೊಡೀತಿದೆಯಲ್ಲ? ಸುಮ್ಸುಮ್ನೆ ಹೊಡೆಯಲ್ಲ ಇಲಾಖೆ. ಏನೋ ಆಗಿದೆ. ನಮಗೆ ಹೇಳಿಲ್ಲ ಅಷ್ಟೇ."

ನೋಡಿ, ಮದುವೆಯಾದಾಗಿನಿಂದ ಅಳಿಯನನ್ನು ಕಣ್ಣಾರೆ ಕಂಡವರು. ಆದರೂ ಕಣ್ಣಿಗಿಂತ ಇಲಾಖೆಯನ್ನೇ ನಂಬಿದರು. ನನಗೆ ಹೊಟ್ಟೆ ಉರಿಯಿತು ಎಂದರೆ ತಪ್ಪಲ್ಲ. ಅಷ್ಟು ವರ್ಷ ಮೇಷ್ಟ್ರಾಗಿ ನನಗೆ ಬಂದ ನಮಸ್ಕಾರಗಳನ್ನೆಲ್ಲ ಒಟ್ಟುಗೂಡಿಸಿದರೂ ಆ ಬೆಳಗಿನಷ್ಟು ಆಗುತ್ತಿರಲಿಲ್ಲ.

ಶಾಮಿಯಾನದ ಬಳಿ ಅಸಿಸ್ಟೆಂಟ್ ಕಮಿಷನರು ಎದುರಾದರು. ದಪ್ಪ ಮೀಸೆ, ಕಡಿಮೆ ಮಾತು. ಅವರು ಬಿಲ್ಲೆ ನೋಡಿದರು, ಸರಪಳಿ ನೋಡಿದರು, ಗರಿ ನೋಡಿದರು. ಹಿಂದೆ ಸಲ್ಯೂಟಿನ ಕೈ ಎತ್ತಿಕೊಂಡೇ ಬರುತ್ತಿದ್ದ ಸಬ್ ಇನ್ಸ್‌ಪೆಕ್ಟರನ್ನು ನೋಡಿದರು. ಒಂದು ಗಳಿಗೆ ಅನುಮಾನದಿಂದ ಮೀಸೆ ಕುಣಿಯಿತು. ಆಮೇಲೆ ಅವರ ಕೈಯೂ ಹಣೆಗೆ ಹೋಯಿತು. ನಮ್ಮ ಆಗ್ಲಿಬಿಡಿ ಗಾಬರಿಯಲ್ಲಿ ಲಾಟೀನು ಇದ್ದ ಕೈಯನ್ನೇ ಎತ್ತಿದ. ಅದು ಅವರ ಮೂಗಿನ ಮುಂದೆ ತೂಗಾಡಿತು.

"ತಾವು ಎಲ್ಲಿ ಕೂರ್ತೀರಿ ಸಾರ್?"

"ನಾನು ಕೂರಲ್ಲ. ನಂಗೆ ನಡೆಯೋದಿದೆ. ಇವರನ್ನ ಕೂರಿಸಬೇಕು. ನಮ್ಮ ಮಾವ."

ಅಸಿಸ್ಟೆಂಟ್ ಕಮಿಷನರು ಮಾವನವರ ಸುಟ್ಟ ಕಾಲರಿನ ಕೋಟನ್ನು ಗೌರವದಿಂದ ನೋಡಿ, ಆಸನಗಳ ಉಸ್ತುವಾರಿಯ ಇನ್ಸ್‌ಪೆಕ್ಟರಿಗೆ ಬೆರಳಲ್ಲಿ ಸನ್ನೆ ಮಾಡಿದರು. ಇನ್ಸ್‌ಪೆಕ್ಟರು ಮೊದಲ ಸಾಲಿನ ಒಂದು ಕುರ್ಚಿಯಿಂದ ಯಾರದೋ ಹೆಸರಿನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ಕರವಸ್ತ್ರದಿಂದ ಸೀಟು ಒರೆಸಿ, "ಬನ್ನಿ ಸಾರ್" ಎಂದರು. ಮೆತ್ತನೆಯ ಹಿಂಬದಿ ಇರುವ ಕುರ್ಚಿ. ಆ ಕಡೆ ಸ್ವಲ್ಪ ದೂರದಲ್ಲಿ ಕಮಿಷನರ್ ಮೇಡಂ ಸ್ವತಃ ಕೂತಿದ್ದರು. ನನ್ನನ್ನು ಅದರ ಹಿಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಗೆ ನೂಕಿದರು. ಇರಲಿ.

ಮಾವನವರು ಕುರ್ಚಿಯ ತುದಿಯಲ್ಲಿ ಕೂತರು. ಎರಡೂ ಕೈ ಮಂಡಿಯ ಮೇಲೆ. ಎದುರಿಗೆ ಇಡೀ ಮೈದಾನ, ಸುಣ್ಣದ ಗೆರೆ, ಬಾವುಟಗಳು. ನಾನು ಹಿಂದಿನಿಂದ ಬಗ್ಗಿ, "ಹೇಗಿದೆ ಮಾವ?" ಎಂದೆ.

"ಎಷ್ಟು ದೊಡ್ಡದಿದೆ ಮೇಷ್ಟ್ರೇ," ಎಂದರು. "ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ."

ಆಗ ಮೈಕು ಗೊರಗೊರ ಎಂದಿತು. ವೀಕ್ಷಕ ವಿವರಣೆಗೆ ಬಂದಿದ್ದವರು ಒಬ್ಬ ಇತಿಹಾಸದ ಪ್ರೊಫೆಸರು. ಆ ದನಿಯಲ್ಲಿ ಬಸ್ಸಿನ ಟಿಕೆಟ್ಟು ಕೇಳಿದರೂ ಸಾಮ್ರಾಜ್ಯ ಬಿದ್ದುಹೋದ ಹಾಗೆ ಕೇಳಿಸುತ್ತದೆ.

"ಮಹನೀಯರೇ, ಮಹಿಳೆಯರೇ! ನಮ್ಮ ಪಡೆಯ ಇತಿಹಾಸ ಈಗ ನಿಮ್ಮ ಮುಂದೆ ನಡೆದು ಬರಲಿದೆ. ಎಲ್ಲರಿಗಿಂತ ಮುಂದೆ ಬರುವವನು ಮೊಟ್ಟಮೊದಲ ಪೊಲೀಸ್, ಅಂದರೆ ಬೀದಿಯ ದೀಪದ ಕಾವಲಿನವನು! ಕೈಯಲ್ಲಿ ಲಾಟೀನು, ಎದೆಯ ಮೇಲೆ ಹಿತ್ತಾಳೆ!"

ಮೊದಲ ಸಾಲು ಕಿವಿ ನಿಮಿರಿಸಿತು.

"ಇಷ್ಟೊಂದು ಹೊಳಪು ಯಾಕೆ ಎಂದು ತಾವು ಕೇಳಬಹುದು. ಕತ್ತಲೆಯಲ್ಲಿ ಕಳ್ಳನಿಗೆ ದೂರದಿಂದಲೇ ಕಾಣಲಿ, ಕಂಡು ಓಡಿಹೋಗಲಿ ಎಂದು! ಆ ಕಾಲದ ದೊಡ್ಡ ಅಧಿಕಾರಿಗಳು ಬರೀ ಕಪ್ಪು ಕೋಟು ಹಾಕುತ್ತಿದ್ದರು. ಹಿತ್ತಾಳೆಯೆಲ್ಲ ಇವನ ಪಾಲಿಗೆ! ಏಕೆಂದರೆ ಹುದ್ದೆಯಲ್ಲಿ ಇವನು ಎಲ್ಲರಿಗಿಂತ ಕೆಳಗಿನವನು. ಬೀದಿ ದೀಪಕ್ಕೆ ಎಣ್ಣೆ ಹಾಕುವುದು, ಕುಡಿದು ಬಿದ್ದವರನ್ನು ಮನೆಗೆ ಹೊತ್ತುಕೊಂಡು ಹೋಗುವುದು, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುವುದು ಇವನ ಕೆಲಸ. ಎದುರಿಗೆ ಬಂದ ಪ್ರತಿಯೊಬ್ಬರಿಗೂ ಇವನು ಸಲಾಮು ಹೊಡೆಯಬೇಕಿತ್ತು. ಇವನಿಗೆ ಹೊಡೆಯುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ!"

ನಾನು ಅಸಿಸ್ಟೆಂಟ್ ಕಮಿಷನರ ಮೀಸೆಯನ್ನು ನೋಡಿದೆ. ನೋಡಬಾರದಿತ್ತು. ಅವರ ಕುತ್ತಿಗೆಯಿಂದ ಕೆಂಪು ಮೇಲೇರಿ ಕಿವಿಯ ತುದಿ ಮುಟ್ಟಿತು. ಗೇಟಿನ ಬಳಿ ಸಬ್ ಇನ್ಸ್‌ಪೆಕ್ಟರು ತಮ್ಮ ಬಲಗೈಯನ್ನು ಯಾರದೋ ಕೈ ಎಂಬಂತೆ ದುರುಗುಟ್ಟಿ ನೋಡುತ್ತಿದ್ದರು. ಅಸಿಸ್ಟೆಂಟ್ ಕಮಿಷನರು ತುಟಿ ಅಲುಗಿಸದೆ ಉಸ್ತುವಾರಿಯ ಇನ್ಸ್‌ಪೆಕ್ಟರಿಗೆ, "ಎಬ್ಬಿಸ್ರೀ ಆ ಮುದುಕನ್ನ" ಎಂದರು.

ಇನ್ಸ್‌ಪೆಕ್ಟರು ಬಗ್ಗಿಕೊಂಡು ಓಡಿಬಂದರು. "ಏಳ್ರೀ! ಯಾರ್ರೀ ನೀವು?"

ಮಾವನವರು ನೆಟ್ಟಗೆ ಎದ್ದು ನಿಂತರು. "ಹೆಡ್ ಕಾನ್‌ಸ್ಟೇಬಲ್ ಸಾರ್, ರಿಟೈರ್ಡ್. ಗೇಟ್ ಬಂದೋಬಸ್ತು."

"ಹಾಗಾದ್ರೆ ಗೇಟಿಗೆ ನಡೀರಿ! ಬೇಗ, ಬೇಗ! ಪೆರೇಡು ಶುರುವಾಗ್ತಿದೆ!"

ಬೈಯಬೇಕೆಂದು ಎದ್ದೆ, ಬೈಗುಳ ಬಾಯಿಗೆ ಬರಲಿಲ್ಲ. ಸಂಜೆ ಪೋಸ್ಟ್ ಮಾಸ್ಟರು ಕಿಟಕಿಯಲ್ಲಿ ಕಾದಿರುತ್ತಾರೆ. ಅದೂ ಹೋಗಲಿ. ಆ ಮನುಷ್ಯ ಕುರ್ಚಿಗೆ ಪೂರ್ತಿ ಒರಗಿ ಕೂಡ ಇರಲಿಲ್ಲ. ಮಾವನವರು ಮಾತ್ರ ಕೋಟಿನ ಗುಂಡಿ ಹಾಕಿಕೊಂಡರು. ಇನ್ಸ್‌ಪೆಕ್ಟರ ಮಾತು ಮೀರಿ ಅವರಿಗೆ ಅಭ್ಯಾಸವಿಲ್ಲ.

ಅಷ್ಟರಲ್ಲಿ ಬ್ಯಾಂಡು ಬಡಿಯಿತು. ಮೈದಾನದ ಆ ಮೂಲೆಯಿಂದ ಆಗ್ಲಿಬಿಡಿ ಹೊರಟ. ಒಬ್ಬನೇ, ಎಲ್ಲರಿಗಿಂತ ಮುಂದೆ. ಬ್ಯಾಂಡಿನ ತಾಳಕ್ಕೂ ಅವನ ಕಾಲಿಗೂ ಯಾವ ಜನ್ಮದ ಸಂಬಂಧವೂ ಇರಲಿಲ್ಲ. ಟೋಪಿ ಕಿವಿಯ ಮೇಲೆ ಜಾರಿತ್ತು, ಲಾಟೀನು ಮಂಡಿಗೆ ಬಡಿಯುತ್ತಿತ್ತು. ಪ್ರೊಫೆಸರ ಮಾತು ಕೇಳಿದ ಜನ ನಗುತ್ತಿದ್ದರು. ಮೊದಲ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಆ ದೊಡ್ಡ ಮೈದಾನದಲ್ಲಿ ಬಹಳ ಚಿಕ್ಕವನಾಗಿ ಕಂಡ.

ಮಾವನವರು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಅಳಿಯನನ್ನು ನೋಡಿದರೋ, ಆ ಲಾಟೀನನ್ನು ನೋಡಿದರೋ ನನಗೆ ಗೊತ್ತಿಲ್ಲ. ಹಿಮ್ಮಡಿ ಸೇರಿಸಿದರು. ಬೂಟು ಠಪ್ಪೆಂದಿತು. ಕೈ ಹಣೆಗೆ ಹೋಯಿತು. ಅಂಥ ಸಲ್ಯೂಟನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ಪೊಲೀಸರ ಕೈ ತಲೆಗಿಂತ ಮೊದಲು ಕೆಲಸ ಮಾಡುತ್ತದೆ. ಎಬ್ಬಿಸಲು ಬಂದ ಇನ್ಸ್‌ಪೆಕ್ಟರು ಪಕ್ಕದಲ್ಲಿ ಬೂಟಿನ ಸದ್ದು ಕೇಳಿದ್ದೇ ಬಾವುಟ ಬಂತೆಂದುಕೊಂಡು ತಾವೂ ತಿರುಗಿ ಸಲ್ಯೂಟಿನಲ್ಲಿ ನಿಂತರು. ಇಬ್ಬರು ನಿಂತದ್ದನ್ನು ನೋಡಿ ಅಸಿಸ್ಟೆಂಟ್ ಕಮಿಷನರು ಹಲ್ಲು ಕಚ್ಚಿಕೊಂಡೇ ಎದ್ದರು. ಡೆಪ್ಯುಟಿ ಕಮಿಷನರುಗಳು ಸಾಲಾಗಿ ಎದ್ದರು. ಮುಖ್ಯ ಅತಿಥಿಗಳ ಜೊತೆ ಮಾತಾಡುತ್ತಿದ್ದ ಕಮಿಷನರ್ ಮೇಡಂ ತಿರುಗಿ ನೋಡಿದರೆ ಮೊದಲ ಸಾಲಿಗೆ ಮೊದಲ ಸಾಲೇ ಸಲ್ಯೂಟಿನಲ್ಲಿದೆ! ಅವರೂ ಧಡಕ್ಕನೆ ಎದ್ದು ಕೈ ಎತ್ತಿದರು. ಹಿಂದೆ ಜನವೆಲ್ಲ ಎದ್ದು ನಿಂತಿತು. ನಗು ನಿಂತಿತು.

ಆಗ್ಲಿಬಿಡಿ ಇದನ್ನು ನೋಡಿದ. ಬೆಚ್ಚಿದ. ತನ್ನ ಹಿಂದೆ ಯಾರೋ ಭಾರಿ ದೊಡ್ಡವರು ಬರುತ್ತಿರಬೇಕೆಂದು ತಿರುಗಿ ನೋಡಿದ. ಅಂಥ ಯಾರೂ ಕಾಣದಿದ್ದರೂ, ಯಾಕೆ ಸುಮ್ಮನೆ ಎಂದು ಸುಣ್ಣದ ಗೆರೆಯಿಂದ ಪಕ್ಕಕ್ಕೆ ಸರಿದು, ತಾನೂ ಒಂದು ಸಲ್ಯೂಟ್ ಹೊಡೆದು ನಿಂತ. ಅವನ ಹಿಂದೆ ಬರುತ್ತಿದ್ದ ಇಡೀ ಇತಿಹಾಸ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತಿತು. ಅವರೂ ಸಲ್ಯೂಟ್ ಹೊಡೆದರು.

ಬ್ಯಾಂಡು ಗೊಂದಲದಲ್ಲಿ ನಿಂತಿತು. ಈ ಕಡೆಯವರು ಆ ಕಡೆಯವರಿಗೆ, ಆ ಕಡೆಯವರು ಈ ಕಡೆಯವರಿಗೆ. ಮೇಲಿನವನು ಕೈ ಇಳಿಸುವವರೆಗೆ ಕೆಳಗಿನವನು ಇಳಿಸುವಂತಿಲ್ಲ ಎಂಬುದು ನಿಯಮ. ಇಲ್ಲಿ ಮೇಲಿನವರು ಯಾರು? ಮೇಡಂ ಕಣ್ಣಂಚಿನಲ್ಲಿ ಡೆಪ್ಯುಟಿಯನ್ನು ನೋಡಿದರು, ಡೆಪ್ಯುಟಿ ಮೀಸೆಯವರನ್ನು ನೋಡಿದರು, ಮೀಸೆಯವರು ಇನ್ಸ್‌ಪೆಕ್ಟರನ್ನು ನೋಡಿದರು, ಇನ್ಸ್‌ಪೆಕ್ಟರು ಮಾವನವರನ್ನು ನೋಡಿದರು. ಪ್ರೊಫೆಸರು ಮೈಕಿನಲ್ಲಿ "ಮಹನೀಯರೇ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮಾವನವರು ಕೈ ಇಳಿಸಿದರು. ಹೆಗಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಅಷ್ಟು ವರ್ಷ ಗೇಟಿನಲ್ಲಿ ಜನಜಂಗುಳಿ ಚದುರಿಸಿದ ಗಂಟಲು ತೆರೆದು ಕೂಗಿದರು.

"ನಡೀರಿ ಅಳಿಯಂದ್ರೇ, ನಡೀರಿ! ಹಿಂದಿನವರಿಗೆ ದಾರಿ ಬಿಡಿ! ನಿಲ್ಲಬಾರದು!"

ಮೈಕು ಇಲ್ಲದೆಯೇ ಅದು ಮೈದಾನದ ಆ ತುದಿ ಮುಟ್ಟಿತು. ಆಗ್ಲಿಬಿಡಿ ಲಾಟೀನು ಎತ್ತಿಕೊಂಡು ಹೊರಟೇಬಿಟ್ಟ. ಇತಿಹಾಸ ಅವನ ಹಿಂದೆ ಹೊರಟಿತು. ಬ್ಯಾಂಡು ಶುರುವಾಯಿತು, ಮೊದಲ ಸಾಲಿನ ಕೈಗಳೆಲ್ಲ ಇಳಿದವು, ಜನ ಚಪ್ಪಾಳೆ ತಟ್ಟಿದರು.

ಕಮಿಷನರ್ ಮೇಡಂ ಇನ್ಸ್‌ಪೆಕ್ಟರನ್ನು ಹತ್ತಿರ ಕರೆದು, "ಅವರು ಯಾರ್ರೀ?" ಎಂದು ಕೇಳಿದ್ದು ನನಗೆ ಕೇಳಿಸಿತು. ಇನ್ಸ್‌ಪೆಕ್ಟರು ಮಾವನವರನ್ನು ನೋಡಿದರು, ಮೈದಾನ ನೋಡಿದರು, ಎಂಜಲು ನುಂಗಿದರು. "ನಮ್ಮವರೇ ಮೇಡಂ. ತುಂಬಾ ಸೀನಿಯರು."

"ನಿಲ್ಲಿಸಿದೀರಲ್ಲ ಮತ್ತೆ? ಕೂರಿಸಿ."

ಇನ್ಸ್‌ಪೆಕ್ಟರು ಕುರ್ಚಿ ಹಿಡಿದುಕೊಂಡರು. ಮಾವನವರು ಕೂತರು, ಈ ಸಲ ಬೆನ್ನು ತಾಗಿಸಿ ಒರಗಿ. ಪೆರೇಡು ಸಾಲು ಸಾಲಾಗಿ ಅವರ ಮುಂದೆ ಬರುತ್ತಿತ್ತು. ನೀರು ಬೇಕೇ ಎಂದು ನಾನು ಹಿಂದಿನಿಂದ ಒಂದೆರಡು ಸಲ ಕರೆದೆ. ಕೊನೆಯ ತುಕಡಿ ದಾಟಿ ಹೋಗುವವರೆಗೂ ಅವರು ಹಿಂದಿರುಗಿ ನೋಡಲಿಲ್ಲ.